ಹೆರಿಗೆ ವಾರ್ಡಿನ ರಿಜಿಸ್ಟರು ಹೇಳಿದ ಸಕ್ಕರೆಯ ಚರಿತ್ರೆ

ಗೌರಿಬಿದನೂರು ತಾಲ್ಲೂಕಿನ ಅಲೀಪುರವಾಗಲಿ, ಚಿಂತಾಮಣಿ, ಶಿಡ್ಲಘಟ್ಟದ ಕಡೆಯ ಯಾವ ಹಳ್ಳಿಯಾಗಲಿ, ಒಬ್ಬರಿಗೆ ಶುಗರ್ ಬಂದಿದೆಯೆಂದು ಗೊತ್ತಾದರೆ ನೋಡಲು ಬಂದವರು ಕೇಳುವ ಮೊದಲ ಮಾತು, ‘ಸಿಹಿ ಜಾಸ್ತಿ ತಿಂತಿದ್ರಾ?’ ಹಬ್ಬಕ್ಕೊಮ್ಮೆ ಒಬ್ಬಟ್ಟಿನ ಚೂರು ಬಾಯಿಗಿಟ್ಟ ಹೆಂಗಸೂ ಆ ಪ್ರಶ್ನೆಯ ಮುಂದೆ ತಲೆ ತಗ್ಗಿಸುತ್ತಾಳೆ. ಕಾಯಿಲೆ ಬಂದ ಸಂಕಟದ ಮೇಲೆ ತಾನೇ ತಂದುಕೊಂಡೆ ಎಂಬ ಅಪರಾಧಭಾವ ಕೂತುಬಿಡುತ್ತದೆ. ಆ ಭಾವ ರೋಗಿಯನ್ನು ಆಸ್ಪತ್ರೆಯಿಂದ ದೂರ ಇಡುತ್ತದೆ, ಮಾತ್ರೆಯನ್ನು ಬಚ್ಚಿಟ್ಟು ನುಂಗುವಂತೆ ಮಾಡುತ್ತದೆ, ಮಗಳ ಮದುವೆ ಮುಗಿಯುವವರೆಗೆ ಯಾರಿಗೂ ಹೇಳಬೇಡಿ ಅನ್ನಿಸುತ್ತದೆ. ಈ ಪ್ರಶ್ನೆ ಎಲ್ಲಿಂದ ಬಂತು, ಅದಕ್ಕೆ ವೈದ್ಯಶಾಸ್ತ್ರ ಕಂಡುಕೊಂಡ ಉತ್ತರವೇನು ಎಂದು ಹುಡುಕಿಕೊಂಡು ಹೋದರೆ ದಾರಿ ನಮ್ಮ ರಾಜ್ಯದೊಳಕ್ಕೇ ಬರುತ್ತದೆ. ಅದರ ಒಂದು ಮುಖ್ಯ ಅಧ್ಯಾಯ ಸಿಕ್ಕಿದ್ದು ಮೈಸೂರಿನ ಮಂಡಿ ಮೊಹಲ್ಲಾದ ಒಂದು ಹೆರಿಗೆ ವಾರ್ಡಿನಲ್ಲಿ.

ಅಲ್ಲಿಗೆ ಹೋಗುವ ಮೊದಲು ಸ್ವಲ್ಪ ಹಿಂದಕ್ಕೆ ಹೋಗಬೇಕು. ಮೂತ್ರಕ್ಕೆ ಇರುವೆ ಮುತ್ತುವುದನ್ನು ಚರಕ ಸುಶ್ರುತರ ಕಾಲದ ವೈದ್ಯರು ಗಮನಿಸಿದ್ದರು. ಸುಶ್ರುತ ಸಂಹಿತೆ ಮೂತ್ರದ ಇಂಥ ಕಾಯಿಲೆಯನ್ನು, ಅಂದರೆ ಪ್ರಮೇಹವನ್ನು, ಎರಡು ಬಗೆಯಾಗಿ ವಿಂಗಡಿಸುತ್ತದೆ. ಒಂದು ಸಹಜ, ಅಂದರೆ ತಂದೆ ತಾಯಿಯ ಬೀಜದಿಂದಲೇ ಬಂದದ್ದು. ಅದರ ರೋಗಿ ಕೃಶ, ಬಾಯಾರಿ ಬಳಲುವವನು. ಇನ್ನೊಂದು ಅಪಥ್ಯದಿಂದ ಬಂದದ್ದು. ಅದರ ರೋಗಿ ಸ್ಥೂಲ, ಕೂತಲ್ಲೇ ಕೂರುವವನು. ಇವತ್ತು ನಾವು ಟೈಪ್ 1, ಟೈಪ್ 2 ಎನ್ನುವುದಕ್ಕೆ ಇದು ಪೂರ್ತಿ ಹೊಂದುವುದಿಲ್ಲ. ಆದರೂ ಈ ಕಾಯಿಲೆಯ ಬೇರು ಎರಡು ಕಡೆ ಇದೆ, ಅದರಲ್ಲೊಂದು ರೋಗಿಯ ಕೈಯಲ್ಲಿಲ್ಲ ಎಂಬ ತಿಳಿವಳಿಕೆ ಅಲ್ಲಿ ಸ್ಪಷ್ಟವಾಗಿದೆ. ಚಿಕಿತ್ಸೆಯ ಭಾಗ ಇನ್ನೂ ಸ್ವಾರಸ್ಯದ್ದು. ಹಣವಿಲ್ಲದ, ಬಂಧುಗಳಿಲ್ಲದ ರೋಗಿ ಚಪ್ಪಲಿಯಿಲ್ಲದೆ, ಕೊಡೆಯಿಲ್ಲದೆ, ಭಿಕ್ಷೆ ಬೇಡಿಕೊಂಡು, ಒಂದು ಊರಿನಲ್ಲಿ ಒಂದೇ ರಾತ್ರಿ ತಂಗುತ್ತ ನೂರು ಯೋಜನ ನಡೆಯಬೇಕು. ಇಲ್ಲವೇ ಬಾವಿ ತೋಡಬೇಕು. ದೇಹ ದುಡಿದರೆ ಈ ರೋಗ ತಗ್ಗುತ್ತದೆಂದು ಅವರಿಗೆ ಅನುಭವದಿಂದ ಗೊತ್ತಿತ್ತು. ಸ್ನಾಯು ಕೆಲಸ ಮಾಡುವಾಗ ಇನ್ಸುಲಿನ್ನಿನ ನೆರವು ಅಷ್ಟಾಗಿ ಇಲ್ಲದೆಯೂ ರಕ್ತದ ಗ್ಲೂಕೋಸನ್ನು ಎಳೆದುಕೊಳ್ಳುತ್ತದೆ ಎಂಬ ಕಾರಣ ಗೊತ್ತಾದದ್ದು ಇಪ್ಪತ್ತನೆಯ ಶತಮಾನದಲ್ಲಿ.

ಕಾಲಕ್ರಮದಲ್ಲಿ ಸಹಜ ಎಂಬ ಅರ್ಧ ಜನರ ನೆನಪಿನಿಂದ ಜಾರಿಹೋಗಿ ಅಪಥ್ಯ ಎಂಬ ಅರ್ಧ ಮಾತ್ರ ಉಳಿಯಿತು. ಬ್ರಿಟಿಷರ ಕಾಲದ ವೈದ್ಯರೂ ಅದನ್ನೇ ಗಟ್ಟಿ ಮಾಡಿದರು. 1907ರಲ್ಲಿ ಬ್ರಿಟಿಷ್ ಮೆಡಿಕಲ್ ಅಸೋಸಿಯೇಷನ್ನಿನ ಸಭೆಯಲ್ಲಿ ಉಷ್ಣವಲಯದ ಮಧುಮೇಹದ ಬಗ್ಗೆ ಚರ್ಚೆ ನಡೆದಾಗ ಕಲ್ಕತ್ತೆಯ ಅನುಭವವೇ ಮುನ್ನೆಲೆಗೆ ಬಂತು. ಕೂತು ಉಣ್ಣುವ ಜಮೀನುದಾರ, ಕುರ್ಚಿ ಬಿಟ್ಟೇಳದ ವಕೀಲ, ಗುಮಾಸ್ತರ ಕಾಯಿಲೆ ಇದು ಎಂಬ ಚಿತ್ರ ಅಲ್ಲಿ ಮೂಡಿತು. ಉಳುವವನಿಗೆ, ಕೂಲಿಯವನಿಗೆ ಇದು ಬಾರದು ಎಂಬ ನಂಬಿಕೆ ನಮ್ಮಲ್ಲಿ ಇನ್ನೂ ಎಪ್ಪತ್ತು ಎಂಬತ್ತು ವರ್ಷ ಬಾಳಿತು.

ಅತ್ತ ಯುರೋಪಿನಲ್ಲಿ ಕಾಯಿಲೆಯ ಜಾಗ ಗೊತ್ತಾಗಿತ್ತು. ಬರ್ಲಿನ್ನಿನ ವಿದ್ಯಾರ್ಥಿ ಪಾಲ್ ಲ್ಯಾಂಗರ್‌ಹಾನ್ಸ್ 1869ರಲ್ಲಿ ಮೇದೋಜೀರಕ ಗ್ರಂಥಿಯೊಳಗೆ ದ್ವೀಪಗಳಂತೆ ಚದುರಿರುವ ಜೀವಕೋಶಗಳ ಗುಂಪುಗಳನ್ನು ಕಂಡ. ಅವು ಏನು ಮಾಡುತ್ತವೆಂದು ಅವನಿಗೆ ತಿಳಿಯಲಿಲ್ಲ. 1889ರಲ್ಲಿ ಮಿಂಕೋವ್‌ಸ್ಕಿ ಮತ್ತು ಫಾನ್ ಮೆರಿಂಗ್ ನಾಯಿಯೊಂದರ ಮೇದೋಜೀರಕವನ್ನು ತೆಗೆದುಹಾಕಿದಾಗ ಅದಕ್ಕೆ ಮಧುಮೇಹ ಬಂತು. ಹಾಗಾದರೆ ಆ ಗ್ರಂಥಿಯಲ್ಲಿ ಏನೋ ಒಂದು ರಸ ಇದೆ. ಅದನ್ನು ಹೊರತೆಗೆಯುವುದು ಹೇಗೆ? ಮೂವತ್ತು ವರ್ಷ ಹಲವರು ಕೈಯಿಟ್ಟು ಸೋತರು. ಅಷ್ಟರವರೆಗೆ ಮಕ್ಕಳಿಗೆ ಬರುವ ಮಧುಮೇಹಕ್ಕೆ ಅಮೆರಿಕದ ಫ್ರೆಡರಿಕ್ ಆಲನ್ ಎಂಬ ವೈದ್ಯನ ಉಪವಾಸ ಚಿಕಿತ್ಸೆ ಬಿಟ್ಟರೆ ಬೇರೆ ದಾರಿ ಇರಲಿಲ್ಲ. ಊಟ ಕಡಿಮೆ ಮಾಡುತ್ತ ಮಾಡುತ್ತ ಮಗು ಎಲುಬಿನ ಹಂದರವಾಗಿ ಕೆಲವು ತಿಂಗಳು, ಹೆಚ್ಚೆಂದರೆ ಕೆಲವು ವರ್ಷ ಉಳಿಯುತ್ತಿತ್ತು.

1921ರ ಬೇಸಿಗೆಯಲ್ಲಿ ಟೊರಾಂಟೊದ ಫ್ರೆಡರಿಕ್ ಬ್ಯಾಂಟಿಂಗ್ ಮತ್ತು ಚಾರ್ಲ್ಸ್ ಬೆಸ್ಟ್, ಪ್ರೊಫೆಸರ್ ಮೆಕ್ಲಿಯಾಡರ ಪ್ರಯೋಗಾಲಯದಲ್ಲಿ ಆ ರಸವನ್ನು, ಅಂದರೆ ಇನ್ಸುಲಿನ್ನನ್ನು, ತೆಗೆದರು. 1922ರ ಜನವರಿ 11ರಂದು ಲಿಯೊನಾರ್ಡ್ ಥಾಂಪ್ಸನ್ ಎಂಬ 14 ವರ್ಷದ ಹುಡುಗನಿಗೆ ಚುಚ್ಚಿದರು. ಮದ್ದು ಶುದ್ಧವಾಗಿರಲಿಲ್ಲ, ಚುಚ್ಚಿದ ಜಾಗ ಬಾತಿತು, ಸಕ್ಕರೆ ಅಷ್ಟಾಗಿ ಇಳಿಯಲಿಲ್ಲ. ಜೇಮ್ಸ್ ಕಾಲಿಪ್ ಎಂಬ ರಸಾಯನ ವಿಜ್ಞಾನಿ ಹಗಲಿರುಳು ಕೂತು ಅದನ್ನು ಶುದ್ಧಗೊಳಿಸಿದ ಮೇಲೆ ಜನವರಿ 23ರಂದು ಮತ್ತೆ ಕೊಟ್ಟಾಗ ಹುಡುಗ ಚೇತರಿಸಿಕೊಂಡ. ಅದೇ ವರ್ಷ ಆಗಸ್ಟಿನಲ್ಲಿ ಚಿಕಿತ್ಸೆ ಶುರುವಾದ ಎಲಿಜಬೆತ್ ಹ್ಯೂಸ್ ಎಂಬ ಹುಡುಗಿಯ ತೂಕ ಆಗ ಇಪ್ಪತ್ತು ಕಿಲೋ ಆಸುಪಾಸು. ಆಕೆ 1981ರವರೆಗೆ ಬದುಕಿದಳು. ಮದ್ದು ಕಂಡುಹಿಡಿದವರು ಪೇಟೆಂಟನ್ನು ತಲಾ ಒಂದು ಡಾಲರಿಗೆ ಟೊರಾಂಟೊ ವಿಶ್ವವಿದ್ಯಾಲಯಕ್ಕೆ ಬರೆದುಕೊಟ್ಟರು. ಇದು ಎಲ್ಲರ ಸ್ವತ್ತಾಗಬೇಕು ಎಂಬ ಅವರ ಆಸೆ ಎಷ್ಟು ಈಡೇರಿತು ಎನ್ನುವುದಕ್ಕೆ ಮುಂದೆ ಬೆಂಗಳೂರಿನ ಸಾಕ್ಷಿ ಇದೆ.

ಇನ್ಸುಲಿನ್ ನಮ್ಮ ಸೀಮೆಗೆ ಬಂದ ಮೇಲೂ ಅದರೊಂದಿಗೆ ಬಾಳುವುದು ದಿನದಿನದ ಸಾಹಸವಾಗಿತ್ತು. ಈಗ ಬೆರಳು ಚುಚ್ಚಿ ಐದು ಸೆಕೆಂಡಿನಲ್ಲಿ ಸಕ್ಕರೆ ನೋಡುವವರಿಗೆ ಹಳೆಯ ಕ್ರಮ ಗೊತ್ತಿರಲಾರದು. ಸ್ಟ್ಯಾನ್ಲಿ ಬೆನೆಡಿಕ್ಟ್ ಎಂಬ ಅಮೆರಿಕನ್ ರಸಾಯನಜ್ಞ ರೂಪಿಸಿದ ನೀಲಿ ದ್ರಾವಣ ಔಷಧಿ ಅಂಗಡಿಯಲ್ಲಿ ಸಿಗುತ್ತಿತ್ತು. ಗಾಜಿನ ನಳಿಗೆಯಲ್ಲಿ ಅದನ್ನು ಐದು ಮಿಲಿಲೀಟರ್ ಹಾಕಿ, ಎಂಟು ತೊಟ್ಟು ಮೂತ್ರ ಬಿಟ್ಟು, ಸ್ಪಿರಿಟ್ ದೀಪದ ಮೇಲೆ ಕುದಿಸಬೇಕು. ಬಣ್ಣ ನೀಲಿಯಾಗಿಯೇ ಉಳಿದರೆ ಸಕ್ಕರೆ ಇಲ್ಲ. ಹಸಿರಾದರೆ ಸ್ವಲ್ಪ, ಹಳದಿಯಾದರೆ ಹೆಚ್ಚು, ಕಿತ್ತಳೆಯಾದರೆ ಇನ್ನೂ ಹೆಚ್ಚು, ಇಟ್ಟಿಗೆ ಕೆಂಪಾದರೆ ಮನೆಯವರ ಮುಖವೇ ಬಿಳಚಿಕೊಳ್ಳುತ್ತಿತ್ತು. ರಕ್ತದಲ್ಲಿ ಸಕ್ಕರೆ ಸುಮಾರು 180 ದಾಟಿದ ಮೇಲಷ್ಟೇ ಅದು ಮೂತ್ರಕ್ಕೆ ಇಳಿಯುತ್ತದೆ. ಆದ್ದರಿಂದ ನೀಲಿ ಬಣ್ಣ ಕಂಡು ಸಮಾಧಾನಪಟ್ಟವರಲ್ಲಿ ಎಷ್ಟೋ ಜನರಿಗೆ ಒಳಗೆ ಕಾಯಿಲೆ ನಡೆದೇ ಇತ್ತು. ಸಕ್ಕರೆ ತೀರಾ ಇಳಿದು ಬೆವರಿ ನಡುಗುವ ಅಪಾಯವನ್ನಂತೂ ಆ ನಳಿಗೆ ತೋರಿಸುವಂತೆಯೇ ಇರಲಿಲ್ಲ. ಇಂಜೆಕ್ಷನ್ನಿನ ಗಾಜಿನ ಸಿರಿಂಜು, ಉಕ್ಕಿನ ಸೂಜಿಗಳನ್ನು ಪಾತ್ರೆಯಲ್ಲಿ ಕುದಿಸಿ ಮತ್ತೆ ಮತ್ತೆ ಬಳಸಬೇಕಿತ್ತು. ಸೂಜಿ ಮೊಂಡಾದರೆ ಸಾಣೆ ಹಿಡಿಯುತ್ತಿದ್ದರು. ಫ್ರಿಜ್ ಇಲ್ಲದ ಮನೆಗಳಲ್ಲಿ ಇನ್ಸುಲಿನ್ ಸೀಸೆಯನ್ನು ಒದ್ದೆ ಮರಳಿನಲ್ಲಿ ಹೂತಿಟ್ಟ ಮಣ್ಣಿನ ಕುಡಿಕೆಯೊಳಗೆ ಇಡುವ ರೂಢಿ ಇವತ್ತಿಗೂ ಇದೆ. ಅದು ಅಜ್ಜಿಯ ಉಪಾಯ ಎಂದು ನಗುವಂಥದ್ದಲ್ಲ, ಮಣ್ಣಿನಿಂದ ನೀರು ಆರುತ್ತ ಹೊರಗಿನ ಸೆಖೆಗಿಂತ ಹಲವು ಡಿಗ್ರಿ ತಂಪು ಕೊಡುತ್ತದೆ.

ಆ ಸೀಸೆಯಲ್ಲಿದ್ದದ್ದು ದನ ಅಥವಾ ಹಂದಿಯ ಮೇದೋಜೀರಕದಿಂದ ತೆಗೆದ ರಸ. ಎಂಟು ಔನ್ಸ್ ಶುದ್ಧ ಇನ್ಸುಲಿನ್ನಿಗೆ ಎರಡು ಟನ್ನಿಗೂ ಮಿಕ್ಕಿ ಪ್ರಾಣಿಯ ಅಂಗ ಬೇಕಾಗುತ್ತಿತ್ತು. ನಮ್ಮಂಥ ಊರುಗಳಲ್ಲಿ ಅದು ಎಂಥ ಇಕ್ಕಟ್ಟು ತಂದಿರಬಹುದೆಂದು ಯೋಚಿಸಿ. ಒಬ್ಬರಿಗೆ ಹಸುವಿನದೆಂದರೆ ಆಗದು, ಪಕ್ಕದ ಮನೆಯವರಿಗೆ ಹಂದಿಯದೆಂದರೆ ಆಗದು. ಜೀವ ಉಳಿಸುವ ಮದ್ದನ್ನು ಕಣ್ಣು ಮುಚ್ಚಿ ಚುಚ್ಚಿಸಿಕೊಂಡವರೂ ಇದ್ದರು, ಬೇಡವೆಂದವರೂ ಇದ್ದರು.

ಮಾತ್ರೆಗಳ ಕಥೆಯನ್ನು ಬೇಗ ಹೇಳಿ ಮುಗಿಸುತ್ತೇನೆ. 1942ರಲ್ಲಿ ಫ್ರಾನ್ಸಿನ ಮಾಂಪೆಲಿಯೆಯಲ್ಲಿ ಟೈಫಾಯಿಡಿಗೆಂದು ಕೊಟ್ಟ ಸಲ್ಫಾ ಜಾತಿಯ ಮದ್ದಿನಿಂದ ರೋಗಿಗಳ ಸಕ್ಕರೆ ಕುಸಿದದ್ದು ಕಂಡು ಸಲ್ಫೋನಿಲ್‌ಯೂರಿಯಾ ಮಾತ್ರೆಗಳು ಹುಟ್ಟಿದವು. ನಮ್ಮ ಕಡೆ ಹಿರಿಯರ ಬಾಯಲ್ಲಿ ಈಗಲೂ ಇರುವ ಡಯೋನಿಲ್ ಆ ವಂಶದ್ದು. ಗಲೇಗಾ ಎಂಬ ಯುರೋಪಿನ ಗಿಡದ ಸುಳಿವಿನಿಂದ ಬಂದ ಮೆಟ್‌ಫಾರ್ಮಿನ್ನನ್ನು 1957ರಲ್ಲಿ ಪ್ಯಾರಿಸಿನ ಜಾನ್ ಸ್ಟರ್ನ್ ಮೊದಲ ಬಾರಿಗೆ ಮನುಷ್ಯರ ಮಧುಮೇಹಕ್ಕೆ ಬಳಸಿದರು. 1998ರಲ್ಲಿ ಬ್ರಿಟನ್ನಿನ ಇಪ್ಪತ್ತು ವರ್ಷದ ಅಧ್ಯಯನವೊಂದು, ಸಕ್ಕರೆಯನ್ನು ಹತೋಟಿಯಲ್ಲಿಟ್ಟರೆ ಕಣ್ಣು ಮತ್ತು ಮೂತ್ರಪಿಂಡ ಉಳಿಯುತ್ತವೆ ಎಂದು ಸಂಶಯಕ್ಕೆ ಎಡೆಯಿಲ್ಲದಂತೆ ತೋರಿಸಿತು. ಇಲ್ಲಿ ಶಿಡ್ಲಘಟ್ಟದವರು ಹೆಮ್ಮೆಪಡಬಹುದಾದ ಒಂದು ಸಂಗತಿಯೂ ಇದೆ. ಅವರ ರೇಷ್ಮೆ ಹುಳು ತಿನ್ನುವ ಹಿಪ್ಪುನೇರಳೆ ಗಿಡದಿಂದ 1976ರಲ್ಲಿ ಜಪಾನಿನ ವಿಜ್ಞಾನಿಗಳು ಬೇರ್ಪಡಿಸಿದ ಒಂದು ವಸ್ತು ಕರುಳಿನಲ್ಲಿ ಪಿಷ್ಟ ಸಕ್ಕರೆಯಾಗುವುದನ್ನು ತಡೆಯುತ್ತದೆ. ಅದನ್ನೇ ಮಾರ್ಪಡಿಸಿ ಮಿಗ್ಲಿಟಾಲ್ ಎಂಬ ಮಾತ್ರೆ ಮಾಡಿದರು. ಹಾಗೆಂದು ಹಿಪ್ಪುನೇರಳೆ ಸೊಪ್ಪಿನ ಕಷಾಯ ಕುಡಿದು ಮಾತ್ರೆ ಬಿಡಬಾರದು, ಯಾವ ಎಲೆಯಲ್ಲಿ ಎಷ್ಟಿದೆಯೆಂದು ಯಾರಿಗೂ ತಿಳಿಯದು. ಹಿತ್ತಲಲ್ಲಿ ಬೆಳೆಸುವ ‘ಇನ್ಸುಲಿನ್ ಗಿಡ’ದ ಎಲೆಗಂತೂ ಹೆಸರಿನಲ್ಲಿ ಮಾತ್ರ ಇನ್ಸುಲಿನ್. ನಿಜವಾದ ಇನ್ಸುಲಿನ್ ಒಂದು ಪ್ರೊಟೀನು, ನುಂಗಿದರೆ ಬೇಳೆಯ ಪ್ರೊಟೀನಿನಂತೆ ಜೀರ್ಣವಾಗಿಬಿಡುತ್ತದೆ. ಅದನ್ನು ಚುಚ್ಚಿಯೇ ಕೊಡುವುದು ಅದಕ್ಕಾಗಿ.

ಈಗ ಮಂಡಿ ಮೊಹಲ್ಲಾಕ್ಕೆ ಬರೋಣ. ವೆಸ್ಲಿಯನ್ ಮಿಷನ್ನಿನವರು 1906ರಲ್ಲಿ ಮೇರಿ ಹೋಲ್ಡ್ಸ್‌ವರ್ತ್ ಅವರ ನೆನಪಿನಲ್ಲಿ ಕಟ್ಟಿದ ಆಸ್ಪತ್ರೆಯನ್ನು ಮೈಸೂರಿನವರು ಮಿಷನ್ ಆಸ್ಪತ್ರೆ ಎಂದೇ ಕರೆಯುತ್ತಾರೆ. ಅಲ್ಲಿ 1934ರಿಂದ ಪ್ರತಿಯೊಂದು ಹೆರಿಗೆಗೂ ಒಂದು ದಾಖಲೆ ಬರೆದಿಟ್ಟಿದ್ದಾರೆ. ಮಗುವಿನ ತೂಕ ಪೌಂಡಿನಲ್ಲಿ, ಉದ್ದ ಅಂಗುಲದಲ್ಲಿ, ತಲೆಯ ಸುತ್ತಳತೆ, ತಾಯಿಯ ತೂಕ, ಆಕೆಯ ಸೊಂಟದ ಮೂಳೆಗಳ ಹೊರ ಅಳತೆ. ಸೊಂಟದ ಅಳತೆ ಬರೆದದ್ದು ಹೆರಿಗೆ ಕಷ್ಟವಾದೀತೇ ಎಂದು ಅಂದಾಜು ಮಾಡಲಿಕ್ಕೆ. ಕೂಸಿನ ಉದ್ದ ಬರೆದದ್ದು ಶಿಸ್ತಿಗೆ. ಇದು ಅರವತ್ತು ವರ್ಷದ ನಂತರ ಹೃದಯದ, ಸಕ್ಕರೆಯ ಲೆಕ್ಕಕ್ಕೆ ಬರುತ್ತದೆಂದು ಬರೆದ ನರ್ಸಮ್ಮನಿಗೆ ಎಲ್ಲಿಂದ ಗೊತ್ತಿರಬೇಕು? ರಾತ್ರಿ ಪಾಳಿಯಲ್ಲಿ, ಇನ್ನೊಬ್ಬಳು ನೋವು ತಿನ್ನುತ್ತಿರುವಾಗ, ಅಳುವ ಕೂಸಿನ ಕಾಲು ನೀಡಿಸಿ ಟೇಪು ಹಿಡಿದವರು ಅವರು. ಈ ಚರಿತ್ರೆಯಲ್ಲಿ ನೊಬೆಲ್ ಪಡೆದವರಷ್ಟೇ ಗೌರವ ಅವರಿಗೂ ಸಲ್ಲಬೇಕು ಎಂದು ನನ್ನ ಭಾವನೆ.

1980ರ ದಶಕದ ಕೊನೆಗೆ ಇಂಗ್ಲೆಂಡಿನ ಸೌತಾಂಪ್ಟನ್ನಿನ ಡೇವಿಡ್ ಬಾರ್ಕರ್ ಒಂದು ಹೊಸ ಮಾತು ಹೇಳಿದರು. ಹುಟ್ಟುವಾಗ ತೂಕ ಕಡಿಮೆಯಿದ್ದ ಮಕ್ಕಳಿಗೆ ನಡುವಯಸ್ಸಿನಲ್ಲಿ ಹೃದ್ರೋಗ, ಮಧುಮೇಹ ಹೆಚ್ಚು, ಗರ್ಭದಲ್ಲಿ ಆಹಾರ ಸಾಲದೆ ಬೆಳೆದ ದೇಹ ಜೀವಮಾನವಿಡೀ ಅದರ ಬೆಲೆ ತೆರುತ್ತದೆ ಎಂಬುದು ಅವರ ವಾದ. ಹರ್ಟ್‌ಫರ್ಡ್‌ಶೈರ್ ಸೀಮೆಯ ಹಳೆಯ ಹೆರಿಗೆ ದಾಖಲೆ ಅವರಿಗೆ ಆಧಾರ. ಹಾಗಿದ್ದರೆ ಕೂಸುಗಳೆಲ್ಲ ಚಿಕ್ಕದಾಗಿಯೇ ಹುಟ್ಟುವ ಭಾರತದಲ್ಲಿ ಏನಾಗಿದೆ? ಇದನ್ನು ನೋಡಬೇಕಾದರೆ ಇಲ್ಲೂ ಅಷ್ಟೇ ಹಳೆಯ ದಾಖಲೆ ಬೇಕು. ಬಾರ್ಕರರ ತಂಡದ ಡಾ. ಕ್ಯಾರೊಲಿನ್ ಫಾಲ್ ಅವರಿಗೆ ಅಂಥದ್ದು ಮಿಷನ್ ಆಸ್ಪತ್ರೆಯಲ್ಲಿ ಸಿಕ್ಕಿತು.

ದಾಖಲೆ ಸಿಕ್ಕರೆ ಸಾಲದು, ಅದರೊಳಗಿನ ಕೂಸು ಈಗ ಎಲ್ಲಿದೆಯೆಂದು ಹುಡುಕಬೇಕು. 1990ರ ದಶಕದ ಮೊದಲಲ್ಲಿ ಆಸ್ಪತ್ರೆಯ ಸುತ್ತಲಿನ ಬೀದಿಗಳಲ್ಲಿ ಮನೆಮನೆಗೆ ಹೋಗಿ, ನೀವು ಹುಟ್ಟಿದ್ದು ಎಲ್ಲಿ, ತಾಯಿಯ ಹೆಸರೇನು, ಎಷ್ಟನೆಯ ಮಗು ಎಂದು ಕೇಳಿ ರಿಜಿಸ್ಟರಿನೊಂದಿಗೆ ತಾಳೆ ನೋಡಿದರು. 1934 ಮತ್ತು 1954ರ ನಡುವೆ ಅಲ್ಲಿ ಹುಟ್ಟಿದ 517 ಗಂಡಸರು, ಹೆಂಗಸರನ್ನು ಹೀಗೆ ಕೂಡಿಸಿದರು. 1996ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಮೊದಲ ವರದಿ ಬಂತು. ಹೃದ್ರೋಗದ ಮಟ್ಟಿಗೆ ಬಾರ್ಕರರ ಮಾತು ಮೈಸೂರಿನಲ್ಲಿಯೂ ನಿಜವಾಯಿತು. ಹುಟ್ಟುವಾಗ ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಗಿದವರಲ್ಲಿ ಶೇ. 11ರಷ್ಟು ಜನರಿಗೆ ಹೃದಯದ ಕಾಯಿಲೆ, ಮೂರು ಕಿಲೋ ನೂರು ಗ್ರಾಂ ದಾಟಿದವರಲ್ಲಿ ಶೇ. 3. ತಾಯಿಯೂ 45 ಕಿಲೋಗಿಂತ ಕಡಿಮೆಯಿದ್ದು ಕೂಸೂ ಚಿಕ್ಕದಿದ್ದರೆ ಆ ಪ್ರಮಾಣ ಶೇ. 20ಕ್ಕೆ ಏರುತ್ತಿತ್ತು.

ಸಕ್ಕರೆಯ ಫಲಿತಾಂಶ 1998ರಲ್ಲಿ ಪ್ರಕಟವಾದಾಗ ಎಲ್ಲರೂ ಹುಬ್ಬೇರಿಸಿದರು. ಪರೀಕ್ಷೆ ಮಾಡಿಸಿಕೊಂಡ 506 ಜನರಲ್ಲಿ ಶೇ. 15 ಮಂದಿಗೆ ಮಧುಮೇಹ ಇತ್ತು. ಆದರೆ ಅದು ಇಂಗ್ಲೆಂಡಿನಲ್ಲಿ ಕಂಡಂತೆ ಬಡಕಲು ಕೂಸುಗಳ ಬೆನ್ನು ಹತ್ತಿರಲಿಲ್ಲ. ಉದ್ದದಲ್ಲಿ ಗಿಡ್ಡ, ಉದ್ದಕ್ಕೆ ಹೋಲಿಸಿದರೆ ತೂಕ ಹೆಚ್ಚು, ಅಂದರೆ ಗುಂಡಗೆ ಹುಟ್ಟಿದವರಿಗೇ ಹೆಚ್ಚಾಗಿ ಬಂದಿತ್ತು. ಅವರ ತಾಯಂದಿರು ಉಳಿದವರಿಗಿಂತ ತೂಕದವರು, ಸೊಂಟದ ಅಳತೆಯೂ ದೊಡ್ಡದು. ಶಿಸ್ತಿಗೆಂದು ಬರೆದ ಆ ಉದ್ದದ ಅಂಕಣವಿಲ್ಲದಿದ್ದರೆ ಇದು ಹೊರಬರುತ್ತಲೇ ಇರಲಿಲ್ಲ.

ಫಾಲ್ ಮತ್ತು ಸಂಗಡಿಗರು ಇದಕ್ಕೊಂದು ಊಹೆ ಮುಂದಿಟ್ಟರು. ಆ ತಾಯಂದಿರಿಗೆ ಬಸಿರಿನಲ್ಲಿ ಸಕ್ಕರೆ ಏರಿದ್ದಿರಬೇಕು, ಯಾರೂ ಪರೀಕ್ಷೆ ಮಾಡಿರಲಿಕ್ಕಿಲ್ಲ. ತಾಯಿಯ ರಕ್ತದ ಹೆಚ್ಚಿನ ಗ್ಲೂಕೋಸು ಮಾಸನ್ನು (ಪ್ಲಸೆಂಟಾ) ದಾಟಿ ಮಗುವಿಗೆ ಹೋಗುತ್ತದೆ. ಇನ್ಸುಲಿನ್ ದಾಟುವುದಿಲ್ಲ. ಮಗುವಿನ ಪುಟ್ಟ ಗ್ರಂಥಿ ತಾನೇ ಹೆಚ್ಚು ಇನ್ಸುಲಿನ್ ಸುರಿಸಿ ಆ ಗ್ಲೂಕೋಸನ್ನು ಕೊಬ್ಬಾಗಿ ಕೂಡಿಡುತ್ತದೆ. ಹುಟ್ಟುವ ಮೊದಲೇ ಆ ಗ್ರಂಥಿ ದಣಿಯಲು ಶುರುವಾಗಿರುತ್ತದೆ. ಊಹೆ ಸರಿಯೇ ಎಂದು ನೋಡಲು ಅದೇ ಆಸ್ಪತ್ರೆಯಲ್ಲಿ 1997–98ರಲ್ಲಿ ಪಾರ್ಥೆನಾನ್ ಎಂಬ ಹೊಸ ಅಧ್ಯಯನ ಆರಂಭವಾಯಿತು. ಡಾ. ಜಿ. ವಿ. ಕೃಷ್ಣವೇಣಿ ಅವರು ಅದನ್ನು ಮುಂದಕ್ಕೆ ನಡೆಸಿಕೊಂಡು ಬಂದರು. ಗರ್ಭಿಣಿಯರಿಗೆ ಮೂವತ್ತನೆಯ ವಾರದ ಸುಮಾರಿಗೆ 100 ಗ್ರಾಂ ಗ್ಲೂಕೋಸು ಕುಡಿಸಿ ರಕ್ತ ನೋಡಿದರು. 785 ತಾಯಂದಿರಲ್ಲಿ 49 ಜನರಿಗೆ, ಅಂದರೆ ಶೇ. 6.2 ಮಂದಿಗೆ ಬಸಿರಿನ ಸಕ್ಕರೆ ಇತ್ತು. ಐದು ವರ್ಷ ಬಿಟ್ಟು ಅದೇ ತಾಯಂದಿರನ್ನು ಕರೆದು ನೋಡಿದಾಗ, ಬಸಿರಿನಲ್ಲಿ ಸಕ್ಕರೆ ಇದ್ದವರಲ್ಲಿ ಶೇ. 37 ಮಂದಿಗೆ ಕಾಯಂ ಮಧುಮೇಹ ಬಂದಿತ್ತು. ಇಲ್ಲದಿದ್ದವರಲ್ಲಿ ಶೇ. 2. ಬಸಿರಿನಲ್ಲಿ ಸಕ್ಕರೆ ಇದ್ದ ತಾಯಂದಿರ ಮಕ್ಕಳ ವಿಷಯ ಇನ್ನೂ ಕಳವಳದ್ದು. ಐದು ವರ್ಷಕ್ಕೆ ಹೆಣ್ಣುಮಕ್ಕಳಲ್ಲಿ, ಒಂಬತ್ತೂವರೆಗೆ ಬರುವ ಹೊತ್ತಿಗೆ ಗಂಡುಮಕ್ಕಳಲ್ಲಿಯೂ ಕೊಬ್ಬು ಮತ್ತು ಇನ್ಸುಲಿನ್ ಮಟ್ಟ ಉಳಿದ ಮಕ್ಕಳಿಗಿಂತ ಹೆಚ್ಚಿತ್ತು. 2009ರಲ್ಲಿ ಇನ್ನೊಂದು ಎಳೆ ಸೇರಿತು. ಅಧ್ಯಯನಕ್ಕೆ ಸೇರಿದ ತಾಯಂದಿರಲ್ಲಿ ಶೇ. 43 ಮಂದಿಗೆ ಬಿ12 ಜೀವಸತ್ವ ಕಡಿಮೆಯಿತ್ತು, ಹಾಗಿದ್ದವರಲ್ಲಿ ಬಸಿರಿನ ಸಕ್ಕರೆಯೂ ಹೆಚ್ಚು.

ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕರ ಕೆಲಸವನ್ನೂ ಇದರ ಪಕ್ಕದಲ್ಲಿಟ್ಟು ನೋಡಬೇಕು. ಪುಣೆಯ ಹಳ್ಳಿಗಳ ಕೂಸುಗಳ ಸರಾಸರಿ ತೂಕ 2.7 ಕಿಲೋ, ಸೌತಾಂಪ್ಟನ್ನಿನ ಕೂಸುಗಳದು 3.5. ಸ್ನಾಯುವಿನಲ್ಲಿ ನಮ್ಮ ಕೂಸು ಬಹಳ ಹಿಂದೆ. ಚರ್ಮದಡಿಯ ಕೊಬ್ಬಿನಲ್ಲಿ ಮಾತ್ರ ಹೆಚ್ಚು ಹಿಂದಿಲ್ಲ. ಮೈಸೂರಿನ ಕೂಸುಗಳ ಬೆನ್ನಿನ ಕೊಬ್ಬು ಅಳೆದಾಗಲೂ ಅದೇ ಕಂಡಿತು. ನೋಡಲು ಸಣಕಲಾಗಿರುವ ರೈತನಿಗೂ, ಬೀಡಿ ಕಟ್ಟುವ ಹೆಂಗಸಿಗೂ ನಮ್ಮಲ್ಲಿ ಶುಗರ್ ಬರುವುದೇಕೆ ಎಂಬ ಪ್ರಶ್ನೆಗೆ ಇದರಲ್ಲಿ ಅರ್ಧ ಉತ್ತರವಿದೆ. ತಲೆಮಾರುಗಳ ಅರೆಹೊಟ್ಟೆ ಒಂದು ಕಡೆ, ಒಂದೇ ತಲೆಮಾರಿನಲ್ಲಿ ಬಂದ ಪಾಲಿಶ್ ಅಕ್ಕಿ ಮತ್ತು ಕೂತು ಮಾಡುವ ಕೆಲಸ ಇನ್ನೊಂದು ಕಡೆ. ‘ಸಿಹಿ ಜಾಸ್ತಿ ತಿಂತಿದ್ರಾ’ ಎಂಬ ಪ್ರಶ್ನೆಯನ್ನು ಕೇಳಲೇಬೇಕೆಂದರೆ ಇಡೀ ಒಂದು ಕಾಲವನ್ನು ಕೇಳಬೇಕು.

ಮಕ್ಕಳಿಗೆ ಬರುವ ಟೈಪ್ 1ರ ಮೂಲ ಬೇರೆಯೇ. ಅದರ ಅರಿವಿಗೂ ಕನ್ನಡದ ನೆಲದ ಕೊಡುಗೆ ಇದೆ. ಬೆಂಗಳೂರಿನ ಡಾ. ಎಸ್. ಎಸ್. ಶ್ರೀಕಾಂತ ಅಮೆರಿಕದ ಬಾಸ್ಟನ್ನಿನಲ್ಲಿದ್ದಾಗ 1983ರಲ್ಲಿ ಸಂಗಡಿಗರೊಂದಿಗೆ ಪ್ರಕಟಿಸಿದ ಅಧ್ಯಯನ ಒಂದೇ ರೂಪದ ತ್ರಿವಳಿ, ಅವಳಿಗಳನ್ನು ಕುರಿತದ್ದು. ಒಬ್ಬರಿಗೆ ಕಾಯಿಲೆ ಬಂದು ಇನ್ನೊಬ್ಬರು ಆರೋಗ್ಯವಾಗಿರುವಾಗಲೇ, ಆ ಇನ್ನೊಬ್ಬರ ರಕ್ತದಲ್ಲಿಯೂ ಗ್ರಂಥಿಯ ವಿರುದ್ಧ ದೇಹವೇ ಎತ್ತಿದ ಪ್ರತಿಕಾಯಗಳು ವರ್ಷಗಳ ಮುಂಚೆ ಕಾಣಿಸಿಕೊಂಡವು. ಎಂಟು ಹತ್ತು ವರ್ಷದ ಮಗು ದಿಢೀರನೆ ಸೊರಗಿ ರಾತ್ರಿಯೆಲ್ಲ ನೀರು ಕೇಳುವುದು ಆ ನಿಧಾನ ನಾಶದ ಕೊನೆಯ ಹಂತ. ತಾಯಿ ಚಾಕೊಲೇಟ್ ಕೊಟ್ಟದ್ದಕ್ಕೂ ಅದಕ್ಕೂ ಏನೇನೂ ಸಂಬಂಧವಿಲ್ಲ. ಅಂಥ ಮಗುವಿಗೆ ಇನ್ಸುಲಿನ್ ಒಂದು ದಿನ ತಪ್ಪಿದರೂ ಜೀವಕ್ಕೆ ಕುತ್ತು.

ಆದ್ದರಿಂದ ಇನ್ಸುಲಿನ್ನಿನ ಬೆಲೆ ಎಂಬುದು ಬರಿಯ ವ್ಯಾಪಾರದ ವಿಷಯವಲ್ಲ. 1978ರಲ್ಲಿ ಬೆಂಗಳೂರಿನ ಬಾಡಿಗೆ ಮನೆಯ ಗ್ಯಾರೇಜಿನಲ್ಲಿ ಕಿರಣ್ ಮಜುಂದಾರ್ ಶುರು ಮಾಡಿದ ಬಯೋಕಾನ್, ಪರಂಗಿ ಹಣ್ಣಿನ ಕಿಣ್ವ ತೆಗೆದು ರಫ್ತು ಮಾಡುವ ಪುಟ್ಟ ಕಂಪನಿ. ಆಕೆ ಕಲಿತದ್ದು ಬಿಯರ್ ತಯಾರಿಸುವ ವಿದ್ಯೆ, ಅಂದರೆ ಯೀಸ್ಟನ್ನು ಸಾಕಿ ಹುದುಗಿಸುವ ವಿದ್ಯೆ. ಅಮೆರಿಕದಲ್ಲಿ 1982ರಲ್ಲೇ ಬ್ಯಾಕ್ಟೀರಿಯಾದೊಳಗೆ ಮನುಷ್ಯನ ಜೀನು ಸೇರಿಸಿ ತೆಗೆದ ಇನ್ಸುಲಿನ್ ಮಾರುಕಟ್ಟೆಗೆ ಬಂದಿತ್ತು. ಬಯೋಕಾನ್ ಪಿಕಿಯಾ ಎಂಬ ಯೀಸ್ಟನ್ನು ಆರಿಸಿಕೊಂಡಿತು. ಆ ಯೀಸ್ಟಿನಿಂದ ತೆಗೆದ ಮಾನವ ಇನ್ಸುಲಿನ್ ಜಗತ್ತಿನಲ್ಲಿ ಮೊದಲು ಬಂದದ್ದು 2004ರಲ್ಲಿ ಬೆಂಗಳೂರಿನಿಂದ, ಇನ್ಸುಜೆನ್ ಎಂಬ ಹೆಸರಿನಲ್ಲಿ. ದನದ್ದೋ ಹಂದಿಯದ್ದೋ ಎಂಬ ಇರಿಸುಮುರಿಸಿಗೆ ಇಂಥ ಇನ್ಸುಲಿನ್ನಿನಲ್ಲಿ ಎಡೆಯಿಲ್ಲ. 2019ರಲ್ಲಿ ಕಂಪನಿ ಬಡ ಮತ್ತು ಮಧ್ಯಮ ಆದಾಯದ ದೇಶಗಳ ಸರ್ಕಾರಗಳಿಗೆ ದಿನಕ್ಕೆ 10 ಅಮೆರಿಕನ್ ಸೆಂಟಿಗಿಂತ ಕಡಿಮೆ ಬೆಲೆಗೆ ಇನ್ಸುಲಿನ್ ಕೊಡುವುದಾಗಿ ಘೋಷಿಸಿತು. 2021ರಲ್ಲಿ ಅದರ ಗ್ಲಾರ್ಜಿನ್ ಇನ್ಸುಲಿನ್ನನ್ನು, ಮೂಲ ಔಷಧಿಯ ಬದಲಿಗೆ ಔಷಧಿ ಅಂಗಡಿಯವರೇ ಕೊಡಬಹುದೆಂದು ಅಮೆರಿಕ ಒಪ್ಪಿತು. ಆ ದೇಶದಲ್ಲಿ ಯಾವ ಇನ್ಸುಲಿನ್ನಿಗೂ ಅಂಥ ಒಪ್ಪಿಗೆ ಸಿಕ್ಕಿದ್ದು ಅದೇ ಮೊದಲು. ಒಂದು ಡಾಲರಿನ ಪೇಟೆಂಟಿನ ಆಸೆ ಇಷ್ಟಾದರೂ ದೂರ ಬಂತಲ್ಲ ಎಂದು ಸಂತೋಷವಾಗುತ್ತದೆ.

ಸೀಸೆಯ ಇನ್ಸುಲಿನ್ ಬಳಸುವವರು ಒಂದು ಮಾತು ಮರೆಯಬಾರದು. ನಮ್ಮಲ್ಲಿ ಸೀಸೆಯಲ್ಲಿ ಬರುವುದು ಬಹುಪಾಲು ಮಿಲಿಲೀಟರಿಗೆ 40 ಯೂನಿಟ್ಟಿನದು, ಅದರ ಸಿರಿಂಜಿಗೆ ಕೆಂಪು ಮುಚ್ಚಳ. 100 ಯೂನಿಟ್ಟಿನ ಸಿರಿಂಜಿಗೆ ಕಿತ್ತಳೆ ಮುಚ್ಚಳ. ಒಂದಕ್ಕೆ ಇನ್ನೊಂದು ಹಾಕಿದರೆ ಪ್ರಮಾಣ ಎರಡೂವರೆ ಪಟ್ಟು ಏರುಪೇರಾಗುತ್ತದೆ.

ಬಯಲುಸೀಮೆಯ ಸರ್ಕಾರಿ ಆಸ್ಪತ್ರೆಗಳಿಗೆ ಈ ಕಾಯಿಲೆ ಅಧಿಕೃತವಾಗಿ ಬಂದದ್ದು ತಡವಾಗಿ. ಕೇಂದ್ರ ಸರ್ಕಾರ 2010ರಲ್ಲಿ ಸಕ್ಕರೆ, ಬಿ.ಪಿ., ಹೃದ್ರೋಗ, ಕ್ಯಾನ್ಸರುಗಳಿಗೆ ರಾಷ್ಟ್ರೀಯ ಕಾರ್ಯಕ್ರಮ ತಂದಾಗ ರಾಜ್ಯದಿಂದ ಆಯ್ದ ಆರಂಭದ ಜಿಲ್ಲೆಗಳಲ್ಲಿ ಕೋಲಾರ ಇತ್ತು. ಆದರೆ ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ತಾಲ್ಲೂಕುಗಳು ಅದಕ್ಕೂ ಮೊದಲೇ, 2007ರಲ್ಲಿ, ಕೋಲಾರದಿಂದ ಬೇರ್ಪಟ್ಟು ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿದ್ದವು. 2023ರಲ್ಲಿ ಐಸಿಎಂಆರ್ ಪ್ರಕಟಿಸಿದ ದೇಶವ್ಯಾಪಿ ಸಮೀಕ್ಷೆಯ ಅಂದಾಜಿನಂತೆ ಭಾರತದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಮಧುಮೇಹ ಇದೆ, 13 ಕೋಟಿಗೂ ಹೆಚ್ಚು ಜನ ಅದರ ಹೊಸ್ತಿಲಲ್ಲಿದ್ದಾರೆ. ರಾಜ್ಯ ಸರ್ಕಾರ 2024ರಲ್ಲಿ ‘ಗೃಹ ಆರೋಗ್ಯ’ವೆಂದು ಮನೆಬಾಗಿಲಿಗೇ ತಪಾಸಣೆ ತರುವ ಯೋಜನೆಯನ್ನು ಮೊದಲು ಪ್ರಯೋಗಿಸಿದ್ದೂ ಕೋಲಾರದಲ್ಲಿಯೇ. ಮೂವತ್ತು ದಾಟಿದವರೆಲ್ಲ ಪರೀಕ್ಷೆ ಮಾಡಿಸಿಕೊಳ್ಳಿ ಎಂದು ಆಶಾ ಕಾರ್ಯಕರ್ತೆಯರು ಹೇಳುವುದು ಸುಮ್ಮನೆ ಅಲ್ಲ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ 126 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅದು ಮಧುಮೇಹ. 1997ರವರೆಗೆ ಆ ಗೆರೆ 140ರಲ್ಲಿತ್ತು. ಕಣ್ಣಿನ ಹಾನಿ ಅದಕ್ಕಿಂತ ಮುಂಚೆಯೇ ಶುರುವಾಗುತ್ತದೆಂದು ಗೊತ್ತಾಗಿ ಇಳಿಸಿದರು.

ಅಲೀಪುರಕ್ಕೆ ಈ ಚರಿತ್ರೆ ಎರಡು ಕಡೆಯಿಂದ ತಾಗುತ್ತದೆ. ಅಲ್ಲಿಯ ಜನ ಹರಳು ಉಜ್ಜುವುದರಲ್ಲಿ, ಅದರ ವ್ಯಾಪಾರದಲ್ಲಿ ಹೆಸರಾದವರು. ಕಲ್ಲಿನ ಮುಖಕ್ಕೆ ಕಣ್ಣು ನೆಟ್ಟು ತಾಸುಗಟ್ಟಲೆ ಕೂತು ಮಾಡುವ ಕುಸುರಿ ಅದು. ಕೈ ಮತ್ತು ಕಣ್ಣು ದುಡಿಯುತ್ತವೆ, ತೊಡೆಯ ದೊಡ್ಡ ಸ್ನಾಯುಗಳು ಸುಮ್ಮನಿರುತ್ತವೆ. ಸಕ್ಕರೆ ಕಣ್ಣಿನ ಪರದೆಯ ರಕ್ತನಾಳಗಳನ್ನು ಸದ್ದಿಲ್ಲದೆ ಕೆಡಿಸುವುದರಿಂದ ಅಂಥ ಕಸುಬಿನವರಿಗೆ ವರ್ಷಕ್ಕೊಮ್ಮೆ ಕಣ್ಣಿನ ಪರೀಕ್ಷೆ ಎಂದರೆ ಅನ್ನದ ಪ್ರಶ್ನೆ.

ಇನ್ನೊಂದು ರಂಜಾನ್. ಶಿಯಾ ಮುಸ್ಲಿಮರೇ ಹೆಚ್ಚಾಗಿರುವ ಊರು, ಉಪವಾಸವನ್ನು ಶ್ರದ್ಧೆಯಿಂದ ಮಾಡುವ ಊರು. 2001ರಲ್ಲಿ 13 ದೇಶಗಳ ಹನ್ನೆರಡು ಸಾವಿರಕ್ಕೂ ಹೆಚ್ಚು ಮಧುಮೇಹಿಗಳನ್ನು ನೋಡಿದ ಎಪಿಡಿಯಾರ್ ಅಧ್ಯಯನ, ಉಪವಾಸದ ತಿಂಗಳಲ್ಲಿ ಸಕ್ಕರೆ ತೀರಾ ಕುಸಿದು ಆಸ್ಪತ್ರೆ ಸೇರುವುದು ಟೈಪ್ 2 ಇರುವವರಲ್ಲಿ 7.5 ಪಟ್ಟು, ಟೈಪ್ 1 ಇರುವವರಲ್ಲಿ 4.7 ಪಟ್ಟು ಹೆಚ್ಚುತ್ತದೆ ಎಂದು ತೋರಿಸಿತು. ರೋಗಿಗೆ ಉಪವಾಸದಿಂದ ವಿನಾಯಿತಿಯನ್ನು ಕುರಾನೇ ಕೊಟ್ಟಿದೆ. ಆದರೂ ಮನಸ್ಸು ಒಪ್ಪದೆ ಇರುವವರು ಬಹಳ. ಅಂಥವರು ಒಂದೂವರೆ, ಎರಡು ತಿಂಗಳ ಮೊದಲೇ ವೈದ್ಯರ ಹತ್ತಿರ ಹೋಗಿ ಮಾತ್ರೆಯ ಹೊತ್ತು, ಪ್ರಮಾಣ ಬದಲಿಸಿಕೊಳ್ಳಬೇಕು. ಸಲ್ಫೋನಿಲ್‌ಯೂರಿಯಾ, ಇನ್ಸುಲಿನ್ ತೆಗೆದುಕೊಳ್ಳುವವರಿಗಂತೂ ಇದು ಕಡ್ಡಾಯ. ಬೆರಳು ಚುಚ್ಚಿ ರಕ್ತ ನೋಡಿಕೊಂಡರೆ ರೋಜಾ ಮುರಿಯುವುದಿಲ್ಲ. ಸಕ್ಕರೆ 70ಕ್ಕಿಂತ ಇಳಿದರೆ, 300 ದಾಟಿದರೆ ಆ ಗಳಿಗೆಯಲ್ಲೇ ಉಪವಾಸ ಬಿಡಬೇಕು. ಏಕಾದಶಿ, ಶಿವರಾತ್ರಿಗೆ ನಿರಾಹಾರ ಇರುವ ಪಕ್ಕದ ಊರಿನವರಿಗೂ ಇದೇ ಲೆಕ್ಕ ಅನ್ವಯಿಸುತ್ತದೆ. ಇನ್ನು ಊಟದ ವಿಷಯ. ಶುಗರ್ ಬಂದವರು ಅನ್ನ ಬಿಟ್ಟು ಮುದ್ದೆ ಎಷ್ಟಾದರೂ ಉಣ್ಣಬಹುದು ಎಂಬ ಮಾತೂ ನಮ್ಮ ಕಡೆ ಗಟ್ಟಿಯಾಗಿದೆ. ರಾಗಿಯಲ್ಲಿ ನಾರು ಹೆಚ್ಚು, ಸುಣ್ಣದ ಅಂಶ ಹೆಚ್ಚು, ಅದು ಒಳ್ಳೆಯದೇ. ಆದರೆ ನೂರು ಗ್ರಾಂ ರಾಗಿಯಲ್ಲಿಯೂ ಸುಮಾರು 70 ಗ್ರಾಂ ಕಾರ್ಬೋಹೈಡ್ರೇಟ್ ಇದೆ. ಮುದ್ದೆ ಸಣ್ಣದಾಗಿ, ಸೊಪ್ಪು ಕಾಳಿನ ಸಾರು ಧಾರಾಳವಾಗಿ ಇದ್ದರೆ ಅದು ಪಥ್ಯ.

ಮೈಸೂರಿನ ಪಾಠ ಎಲ್ಲಕ್ಕಿಂತ ಮೊದಲು ಮುಟ್ಟಬೇಕಾದದ್ದು ಬಸಿರಿ ಬಾಣಂತಿಯರಿಗೆ. ಸರ್ಕಾರದ ಮಾರ್ಗಸೂಚಿಯಂತೆ ಮೊದಲ ಭೇಟಿಯಲ್ಲಿ ಒಮ್ಮೆ, 24ರಿಂದ 28ನೆಯ ವಾರದೊಳಗೆ ಇನ್ನೊಮ್ಮೆ 75 ಗ್ರಾಂ ಗ್ಲೂಕೋಸು ಕುಡಿಸಿ ಎರಡು ಗಂಟೆ ಬಿಟ್ಟು ರಕ್ತ ನೋಡುತ್ತಾರೆ. 140 ಮುಟ್ಟಿದರೆ ಬಸಿರಿನ ಸಕ್ಕರೆ ಎಂದು ತಾಯಿ ಕಾರ್ಡಿನಲ್ಲಿ ದಾಖಲಾಗುತ್ತದೆ. ಹೆರಿಗೆಯಾದ ಮೇಲೆ ಬಹುತೇಕ ಹೆಂಗಸರ ಸಕ್ಕರೆ ತಾನಾಗಿ ಇಳಿಯುತ್ತದೆ, ಮನೆಯವರು ಹೋಯಿತು ಬಿಡಿ ಎಂದು ಮರೆಯುತ್ತಾರೆ. ಮೈಸೂರಿನ ಆ ಶೇ. 37 ಮಂದಿಗೂ ಮೊದಲು ಇಳಿದೇ ಇರಬೇಕು. ಹೆರಿಗೆಯಾಗಿ ಆರು ವಾರಕ್ಕೆ ತಾಯಿಗೆ ಮತ್ತೊಮ್ಮೆ ಅದೇ ಪರೀಕ್ಷೆ ಆಗಬೇಕೆಂದು ಮಾರ್ಗಸೂಚಿ ಹೇಳುತ್ತದೆ, ಆಮೇಲೆ ವರ್ಷಕ್ಕೊಮ್ಮೆ ನೋಡಿಸಿಕೊಳ್ಳುವುದು ಕ್ಷೇಮ. ಆರು ವಾರ ಎಂದರೆ ಮಗುವಿಗೆ ಒಂದೂವರೆ ತಿಂಗಳ ಲಸಿಕೆ ಹಾಕಿಸುವ ಹೊತ್ತು. ಆ ಲಸಿಕೆಗೆ ಅಲೀಪುರದಿಂದಾಗಲಿ, ಗೌರಿಬಿದನೂರಿನ ಯಾವ ಹಳ್ಳಿಯಿಂದಾಗಲಿ ತಾಯಿ ಮಗುವನ್ನೆತ್ತಿಕೊಂಡು ಬಂದೇ ಬರುತ್ತಾಳೆ. ಅದೇ ದಿನ ಆಕೆಯ ಕೈಗೂ ಒಂದು ಲೋಟ ಗ್ಲೂಕೋಸು ಕೊಟ್ಟು, ಎರಡು ಗಂಟೆ ಕೂರಿಸಿ, ಬಂದ ಅಂಕಿಯನ್ನು ಮಗುವಿನ ಲಸಿಕೆಯ ಪಕ್ಕದಲ್ಲಿ ಬರೆದುಕೊಟ್ಟರೆ ಆಯಿತು.